ಕೋರ್ಟಿನ ಕಾಕಾ ಓದಿದ ಕತೆಗಳು

ಕಾಕಾ ತೀರಿಕೊಂಡ ಸುದ್ದಿ ನನಗೆ ಐದು ದಿನ ತಡವಾಗಿ ಮುಟ್ಟಿತು. ಅದೂ ಅವರ ಮನೆಯಿಂದ ಬಂದದ್ದಲ್ಲ. ಮಸ್ಕಿಯಿಂದ ಬೀಜ ಒಯ್ಯಲು ಬಂದಿದ್ದ ರೈತರೊಬ್ಬರು ಕೆಳಗಿನ ಅಂಗಡಿಯಲ್ಲಿ ನಿಂತು, ನಿಮ್ಮ ಮ್ಯಾಲಿನ ಖೋಲಿಗೆ ಕತಿ ಓದಾಕ ಬರ್ತಿದ್ರಲ್ಲ ಕೋರ್ಟಿನವರು, ಅವರು ಹೋಗಿಬಿಟ್ರು ಎಂದು ಅಂಗಡಿಯವರಿಗೆ ಹೇಳುತ್ತಿದ್ದರು. ಮೆಟ್ಟಿಲು ಇಳಿಯುತ್ತಿದ್ದ ನಾನು ಅಲ್ಲೇ ನಿಂತೆ. ಎರಡೂವರೆ ವರ್ಷ, ವಾರಕ್ಕೆ ಮೂರು ದಿನ, ರೆಕಾರ್ಡಿಂಗ್ ಖೋಲಿಯ ಗಾಜಿನ ಆ ಕಡೆ ಅವರು, ಈ ಕಡೆ ನಾನು ಕುಳಿತವರು. ಅವರ ಉಸಿರು ಯಾವ ಸಾಲಿನಲ್ಲಿ ಎಲ್ಲಿಗೆ ಮುಗಿಯುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಅವರಿಗೆ ಎದೆನೋವು ಇತ್ತೆಂಬುದು ಗೊತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಕೇಳುವ ಪುಸ್ತಕದ ಮೊದಲಿಗೆ ‘ಓದಿದವರು ಇಂಥವರು’ ಎಂದು ಓದಿದವರೇ ಹೇಳಬೇಕೆಂಬುದು ಅದನ್ನು ಮಾಡಿಸುವ ಕಂಪನಿಯ ನಿಯಮ. ಕಾಕಾ ಅದೊಂದು ಸಾಲನ್ನು ಮಾತ್ರ ಓದಲು ಒಪ್ಪಲಿಲ್ಲ. ಮೂವತ್ತು ವರ್ಷದ ಮೇಲೆ ಮಂದಿಯ ಹೆಸರು ಕೂಗಿದ್ದೇನೆ, ನನ್ನ ಹೆಸರು ನಾನೇ ಕೂಗಿಕೊಳ್ಳಲು ನಾಲಿಗೆ ಏಳುವುದಿಲ್ಲ ಎಂದರು. ಕೊನೆಗೆ ಆ ಸಾಲನ್ನು ನನ್ನ ದನಿಯಲ್ಲಿ ಹಾಕಿದೆ. ಅವರು ಓದಿದ ಹದಿನಾಲ್ಕು ಪುಸ್ತಕಗಳಲ್ಲೂ ಅವರ ಹೆಸರು ನನ್ನ ಬಾಯಿಂದಲೇ ಬರುತ್ತದೆ.

ಹೆಸರು ಕೂಗುವುದು ಅವರ ನೌಕರಿಯಾಗಿತ್ತು. ಲಿಂಗಸುಗೂರಿನ ಕೋರ್ಟಿನಲ್ಲಿ ಜವಾನರಾಗಿದ್ದರು. ಕೇಸು ಬಂದಾಗ ವರಾಂಡದಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗಬೇಕು. ನಮ್ಮ ಕಡೆ ಅದಕ್ಕೆ ಪುಕಾರು ಎನ್ನುತ್ತಾರೆ. ಕೂಗಿ ಮುಗಿದ ಮೇಲೆ ಬಾಗಿಲಲ್ಲಿ ನಿಲ್ಲಬೇಕು. ಒಳಗೆ ನಡೆಯುವುದೆಲ್ಲ ಕಿವಿಗೆ ಬೀಳುತ್ತದೆ. ಅವರ ಮನೆತನದಲ್ಲಿ ಸಂಬಳದ ನೌಕರಿ ಹಿಡಿದ ಮೊದಲಿಗರು ಅವರು. ಅವರ ಅಪ್ಪ ಪರರ ಹೊಲದಲ್ಲಿ ದುಡಿದವರು. ಆ ಹೊಲದ ಧಣಿಯ ಹೆಸರನ್ನೂ ಒಂದು ಸಲ ಕೂಗುವ ಪಾಳಿ ಬಂದಿತ್ತಂತೆ. “ಧಣಿ ಇರಲಿ, ಆಳು ಇರಲಿ, ಮೂರು ಸಲ ಅಂದ್ರ ಮೂರು ಸಲ. ದನಿ ಏರಸಲಿಲ್ಲ, ಇಳಸಲಿಲ್ಲ” ಎಂದು ಹೇಳುವಾಗ ಅವರ ಮುಖದಲ್ಲಿ ಸಣ್ಣದೊಂದು ಸಮಾಧಾನ ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಮಸ್ಕಿಯಲ್ಲಿ ಕಟ್ಟಿಸಿದ ಎರಡು ಖೋಲಿಯ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು.

ನನ್ನದು ಸಿಂಧನೂರಿನಲ್ಲಿ, ಬೀಜ ಮತ್ತು ಎಣ್ಣೆ ಮಾರುವ ಅಂಗಡಿಯ ಮೇಲೆ, ಒಂದು ರೆಕಾರ್ಡಿಂಗ್ ಖೋಲಿ. ಎಣ್ಣೆ ಎಂದರೆ ಇಲ್ಲಿ ಬೆಳೆಗೆ ಹೊಡೆಯುವ ಔಷಧ. ಅದರ ವಾಸನೆ ನೆಲದಿಂದ ಏರಿ ಬರುತ್ತಿತ್ತು. ಸೀರೆ ಅಂಗಡಿಯ ಜಾಹೀರಾತು, ಆಟೋದಲ್ಲಿ ಕೂಗಿಸುವ ಪ್ರಚಾರ, ಮದುವೆ ವಿಡಿಯೋದ ಹಾಡು, ಚುನಾವಣೆ ಬಂದರೆ ಚುನಾವಣೆ. ಮಸ್ಕಿಯ ಸಂಘವೊಂದರವರು ರಕ್ತದಾನ ಶಿಬಿರದ ಪ್ರಚಾರ ಮಾಡಿಸಲು ಬಂದ ದಿನ ಅವರ ಜೊತೆ ಕಾಕಾನೂ ಇದ್ದರು. ನನ್ನ ಖಾಯಂ ಓದುವವನು ಅಂದು ಮದುವೆಗೆ ಹೋಗಿದ್ದ. ನೀವೇ ಓದಿರಿ ಎಂದು ಸಂಘದವರು ಅವರನ್ನು ಒಳಗೆ ದೂಡಿದರು. ಕೋರ್ಟಿನಲ್ಲಿ ಕೂಗಿದವರೆಂದ ಮೇಲೆ ಗಂಟಲು ದೊಡ್ಡದಿರಬೇಕೆಂದು ನಾನು ಮೈಕಿನ ಮಟ್ಟ ತಗ್ಗಿಸಿ ಕುಳಿತಿದ್ದೆ. ಅವರು ಕೂಗಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ ಹೇಳಿದರು. ‘ರಕ್ತ’ ಎಂಬ ಮಾತು ಬಂದಾಗ ಎಲ್ಲರೂ ಅದನ್ನು ಒತ್ತುತ್ತಾರೆ. ಅವರು ಅದನ್ನು ಇಳಿಸಿದರು. ಆಟೋದಲ್ಲಿ ಅದು ಸರಿಯಾಗಿ ಕೇಳಲೇ ಇಲ್ಲವೆಂದು ಸಂಘದವರು ಆಮೇಲೆ ದೂರಿದರು. ನನಗೆ ಮಾತ್ರ ಆ ದನಿ ಕಿವಿಯಿಂದ ಹೋಗಲಿಲ್ಲ.

ಅದೇ ತಿಂಗಳು ಕನ್ನಡ ಪುಸ್ತಕಗಳನ್ನು ಓದಿಸಿ ಫೋನಿಗೆ ಹಾಕುವ ಕಂಪನಿಯೊಂದು ನಮ್ಮಂಥ ಸಣ್ಣ ಊರುಗಳಲ್ಲಿ ಓದುವವರನ್ನು ಹುಡುಕುತ್ತಿತ್ತು. ಕಾಕಾನ ಎರಡು ನಿಮಿಷದ ಓದು ಕಳಿಸಿದೆ. ಒಪ್ಪಿಕೊಂಡರು.

ಮೊದಲು ಬಂದದ್ದು ಪತ್ತೇದಾರಿ ಕಾದಂಬರಿ. ಪುಸ್ತಕ ಕೊಟ್ಟ ಕೂಡಲೇ ಕಾಕಾ ಕೊನೆಯ ಅಧ್ಯಾಯ ತೆಗೆದು ಓದತೊಡಗಿದರು. ಮಜಾ ಹೋಗುತ್ತದೆಂದು ನಾನು ನಕ್ಕರೆ, “ಕೊಂದವ ಯಾರಂತ ನನಗ ಗೊತ್ತಿರಬೇಕು, ಸಾಹೇಬ್ರ. ನನ್ನ ದನಿಗೆ ಗೊತ್ತಿರಬಾರದು” ಎಂದರು. ಆ ಕತೆಯಲ್ಲಿ ಕೊಲೆಗಾರನ ಮಾತುಗಳನ್ನು ಎಲ್ಲರಿಗಿಂತ ಅಕ್ಕರೆಯಿಂದ ಓದಿದರು. ಯಾಕೆಂದು ಕೇಳಿದೆ. ಕೋರ್ಟಿಗೆ ಬಂದವರಲ್ಲಿ ಜವಾನನನ್ನು ಊಟವಾಯಿತೇ ಎಂದು ಕೇಳುತ್ತಿದ್ದವರು ಒಬ್ಬಿಬ್ಬರೇ, ಅವರಲ್ಲಿ ಒಬ್ಬ ತಮ್ಮನನ್ನು ಕೊಂದವನು ಎಂದರು.

ಆಮೇಲೆ ದೆವ್ವದ ಕತೆಗಳು ಬಂದವು. ನಾನು ಸಂಗೀತ, ಬಾಗಿಲು ಕಿರುಗುಟ್ಟುವ ಸದ್ದು ಎಲ್ಲ ಸಿದ್ಧ ಮಾಡಿಟ್ಟುಕೊಂಡಿದ್ದೆ. ಕಾಕಾ ಅವನ್ನು ಸಂತೆಗೆ ಹೋಗಿ ಬಂದದ್ದನ್ನು ಹೇಳುವಂತೆ ಓದಿದರು. ಖೂನಿ ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಕಟಕಟೆಯಲ್ಲಿ ನಿಂತು ಬಹಳ ಹೊತ್ತು ತನ್ನ ಎತ್ತಿನ ಕಾಲುನೋವಿನ ಬಗ್ಗೆಯೇ ಹೇಳಿದ್ದನಂತೆ. ವಕೀಲರು ಬೈದರೂ ಬಿಡಲಿಲ್ಲವಂತೆ. ಹೆದರಿದವ ಹೆದರಿಕೆಯ ಹತ್ತಿರ ಹೋಗುವುದಿಲ್ಲ, ಸುತ್ತ ತಿರುಗುತ್ತಾನೆ ಎಂಬುದು ಕಾಕಾನ ಲೆಕ್ಕ. ನಾನು ಸಂಗೀತ ತೆಗೆದುಬಿಟ್ಟೆ. ಮಧ್ಯಾಹ್ನದ ಹನ್ನೆರಡು ಗಂಟೆ, ಹೊರಗೆ ತೌಡಿನ ಲಾರಿಗಳು ಓಡಾಡುತ್ತಿವೆ, ಆದರೂ ಗಾಜಿನ ಈಚೆ ಕುಳಿತ ನನಗೆ ಬೆನ್ನು ತಣ್ಣಗಾಯಿತು.

ಮಕ್ಕಳ ಕತೆಗೆ ಕುರ್ಚಿ ಬೇಡವೆಂದರು. ನೆಲದ ಮೇಲೆ ಚಕ್ಕಳಮಕ್ಕಳ ಕುಳಿತರು, ನಾನು ಮೈಕು ಕೆಳಗಿಳಿಸಿದೆ. ಮಕ್ಕಳಿಗೆ ಮೇಲಿಂದ ಹೇಳಿದರೆ ಅದು ಬುದ್ಧಿಮಾತಾಗುತ್ತದೆ, ಕತೆಯಾಗುವುದಿಲ್ಲ ಎಂದರು. ನರಿಗೆ ಕೀರಲು ದನಿ ಮಾಡಿರೆಂದು ಕಂಪನಿಯವರು ಬರೆದಿದ್ದರು. ಅವರು ಮಾಡಲಿಲ್ಲ. ನರಿಗೂ ಮರ್ಯಾದಿ ಇರತೈತಿ ಎಂದಷ್ಟೇ ಹೇಳಿ ಮುಂದಿನ ಪುಟ ತಿರುವಿದರು. ಹೆಂಗಸರ ಮಾತಿಗೂ ದನಿ ಸಣ್ಣದು ಮಾಡುತ್ತಿರಲಿಲ್ಲ. ವಾಕ್ಯದ ಭಾರವನ್ನು ಬೇರೆ ಕಡೆ ಇಡುತ್ತಿದ್ದರು, ಅಷ್ಟೇ. ಕೇಳುವವರಿಗೆ ಹೆಣ್ಣುಮಗಳೇ ಮಾತಾಡಿದಂತೆ ಅನ್ನಿಸುತ್ತಿತ್ತು. ಭತ್ತದ ರೋಗಗಳ ಬಗ್ಗೆ ಒಂದು ಪುಸ್ತಕ ಬಂತು. ಅದನ್ನು ಓದುವ ಮೊದಲು ಅರ್ಧ ದಿನ ಕೆಳಗಿನ ಅಂಗಡಿಯಲ್ಲಿ ಕುಳಿತು, ರೈತರು ಬಂದು ಹೇಗೆ ಕೇಳುತ್ತಾರೆ, ಅಂಗಡಿಯವರು ಹೇಗೆ ಹೇಳುತ್ತಾರೆ ಎಂದು ನೋಡಿದರು. ಒಂದು ಡಬ್ಬಿ ನೀರಿಗೆ ಎಣ್ಣೆ ಎಷ್ಟು ಎಂಬ ಸಾಲು ಬಂದಾಗಲೆಲ್ಲ ಎರಡು ಸಲ ಓದಿದರು. ಪುಸ್ತಕದಲ್ಲಿ ಒಂದೇ ಸಲ ಇತ್ತು. ತಪ್ಪಿ ಕೇಳಿದರೆ ಬೆಳೆ ಸುಡುತ್ತದೆ ಎಂದರು.

ಪ್ರೇಮದ ಕಾದಂಬರಿಗೆ ಮಾತ್ರ ಬಹಳ ನಾಚಿದರು. ವಯಸ್ಸಾದವನ ಕೈಯಲ್ಲಿ ಇದೆಂಥದು ಓದಿಸುತ್ತೀರೆಂದು ಎರಡು ವಾರ ತಳ್ಳಿದರು. ಕೊನೆಗೆ ಗಾಜಿಗೆ ಟವೆಲ್ ಹಾಕಿಸಿ, ಗೋಡೆಯ ಕಡೆ ಮುಖ ಮಾಡಿ ಓದಿದರು. ಹೊರಗೆ ಬಂದಾಗ ಕಿವಿ ಕೆಂಪಾಗಿದ್ದವು. ಅದು ಹೊರಬಂದ ಮೇಲೆ ಒಂದು ದಿನ ತಾವಾಗಿಯೇ ನಗುತ್ತ ಹೇಳಿದರು. ಮನೆಯಲ್ಲಿ ಅದನ್ನು ಫೋನಿನಲ್ಲಿ ಹಾಕಿ ಕೇಳಿಸಿದರಂತೆ. ಹೆಂಡತಿ ಪೂರ್ತಿ ಕೇಳಿ, ಇಷ್ಟು ವರ್ಷ ಈ ದನಿ ಎಲ್ಲಿಟ್ಟಿದ್ದಿರಿ ಎಂದು ಕೇಳಿದರಂತೆ.

ಆಕೆಗೆ ಓದು ಬಾರದು. ಆದರೆ ಅದೊಂದನ್ನು ಬಿಟ್ಟರೆ ಕಾಕಾ ಯಾವ ಪುಸ್ತಕವನ್ನೂ ಆಕೆಗೆ ಓದಿ ಹೇಳದೆ ನನ್ನ ಖೋಲಿಗೆ ತಂದವರಲ್ಲ. ಆಕೆ ರೊಟ್ಟಿ ಬಡಿಯುವಾಗ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಓದುತ್ತಿದ್ದರು. ಬಡಿಯುವುದು ನಿಂತರೆ ಆ ಜಾಗ ಸರಿಯಾಗಿದೆ ಎಂದರ್ಥ. ಅಲ್ಲಿ ಪೆನ್ಸಿಲಿನಿಂದ ಒಂದು ಗುರುತು. ಉಸಿರು ತೆಗೆದುಕೊಳ್ಳಬೇಕಾದಲ್ಲಿ ಗೀಟು, ಸುಮ್ಮನಾಗಬೇಕಾದಲ್ಲಿ ಸೊನ್ನೆ. ಸೊನ್ನೆ ದೊಡ್ಡದಿದ್ದಷ್ಟೂ ಸುಮ್ಮನಿರುವುದು ಹೆಚ್ಚು.

ಮೊದಮೊದಲು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಅವರಿಗಿಂತ ಇಪ್ಪತ್ತು ವರ್ಷ ಸಣ್ಣವನು ನಾನು. ಬೇಡವೆಂದರೂ ಕೋರ್ಟಿನ ರೂಢಿ ಬಿಡಲಿಲ್ಲ. ಮನೆಯಿಂದ ಹಳೆ ಬಟ್ಟೆಯಲ್ಲಿ ಹೊಲಿದ ಎರಡು ಕೌದಿ ತಂದು, ಸದ್ದು ಹೀರುತ್ತದೆಂದು ನನ್ನ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದ ದಿನದಿಂದ ನಾನು ತಮ್ಮ ಆದೆ. ಓದುವ ಮೊದಲು ವೋಮದ ಕಾಳು ಹಾಕಿದ ಬಿಸಿನೀರು ಮಾತ್ರ. ಓದು ಮುಗಿದ ಮೇಲೆ ಕೆಳಗಿನ ಚಹಾದ ಅಂಗಡಿಯಲ್ಲಿ ಮಂಡಾಳಿನ ಒಗ್ಗರಣೆ, ಮಿರ್ಚಿ, ಚಹಾ. ಆ ಚಹಾದ ಹೊತ್ತಿಗೆ ನಾನು ನನ್ನ ಮನೆಯ ಕಷ್ಟಸುಖವನ್ನೆಲ್ಲ ಅವರಿಗೆ ಹೇಳಿದ್ದೇನೆ. ನನ್ನ ಅಪ್ಪನಿಗೂ ಅಷ್ಟು ಹೇಳಿರಲಿಲ್ಲ. ಅವರು ಹೇಳುವುದು ಕಡಿಮೆ. ನಾನೂ ಕೇಳಲಿಲ್ಲ.

ಎರಡನೆಯ ವರ್ಷ ನಮ್ಮ ಕಡೆಯ ಬದುಕಿನದೇ ಒಂದು ದೊಡ್ಡ ಕಾದಂಬರಿ ಬಂತು. ಅದರಲ್ಲೊಂದು ಪ್ರಸಂಗ. ಧಣಿಯ ಮಗ ಮುದಿ ಆಳೊಬ್ಬನನ್ನು ಮಂದಿಯ ಮುಂದೆ ನಿಲ್ಲಿಸಿ, ನಿನ್ನೆ ನಿನ್ನನ್ನು ಹೊಡೆದವರು ಯಾರು ಹೇಳೋ ಎಂದು ಕೇಳುತ್ತಾನೆ. ಹೊಡೆದವನು ಅವನೇ. ಆಳು, ಯಾರೂ ಇಲ್ಲ ಧಣಿ ಎನ್ನುತ್ತಾನೆ. ಪುಸ್ತಕದಲ್ಲಿ ಎರಡು ಮಾತೂ ಒಂದರ ಕೆಳಗೊಂದು ಇವೆ, ನಡುವೆ ಏನೂ ಇಲ್ಲ. ಕಾಕಾ ಧಣಿಯ ಮಗನ ಮಾತು ಓದಿ ಸುಮ್ಮನಾದರು. ಸಾಲು ತಪ್ಪಿತೆಂದು ತಿಳಿದು ನಾನು ನಿಲ್ಲಿಸಲು ಕೈ ಚಾಚಿದೆ. ಅವರು ತಲೆ ಎತ್ತದೆ ಒಂದು ಬೆರಳೆತ್ತಿ ತಡೆದರು. ಒಂಬತ್ತು ಸೆಕೆಂಡು. ಅವರ ಉಸಿರು ಒಳಗೆ ಹೋದದ್ದು, ನಿಂತದ್ದು, ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂದದ್ದು ನನ್ನ ಕಿವಿಯಲ್ಲಿ ಕೇಳಿತು. ಆಮೇಲೆ, ನೀರು ಬೇಡ ಎಂದು ಹೇಳುವಷ್ಟು ಸಾಧಾರಣವಾಗಿ, ಆಳಿನ ಮಾತು ಹೇಳಿದರು.

ಅಂದು ಚಹಾ ಕುಡಿಯುವಾಗ ಅದರ ಬಗ್ಗೆ ಕೇಳಿದೆ. ಸಾಕ್ಷಿ ನುಡಿಯಲು ಬಂದ ಮುದುಕಿಯೊಬ್ಬಳ ಸಂಗತಿ ಹೇಳಿದರು. ಮಗ ಸತ್ತ ಕೇಸು. ಮಗನನ್ನು ಕಡೆಯ ಸಲ ನೋಡಿದ್ದು ಯಾವಾಗ ಎಂದು ವಕೀಲರು ಕೇಳಿದರು. ಆಕೆ ಸುಮ್ಮನೆ ನಿಂತಳು. ಜಡ್ಜ್ ಸಾಹೇಬರು ಅವಸರ ಮಾಡಲಿಲ್ಲ. ಟೈಪು ಮಾಡುವವರು ಬೆರಳು ಎತ್ತಿ ಕಾದರು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಬಹಳ ಹೊತ್ತಿನ ಮೇಲೆ ಆಕೆ, ಮುಂಜಾನೆ, ಎಂದಳು.

“ಫೈಲಿನ್ಯಾಗ ಮುಂಜಾನೆ ಅಂತ ಒಂದು ಮಾತು ಬಂತು, ತಮ್ಮಾ. ಆಕಿ ಸುಮ್ಮನ ನಿಂತದ್ದನ್ನ ಯಾರೂ ಬರಕೊಳ್ಳಲಿಲ್ಲ. ನಾ ಬಾಗಲದಾಗ ನಿಂತಿದ್ದೆ. ಅದನ್ನ ನಾ ಇಟ್ಟಕೊಂಡೀನಿ.”

ಇಷ್ಟನ್ನು ಕೇಳಿದವನು ನಾನು. ಕೇಳಿಯೂ ಮಾಡಿದೆ.

ಆ ಕಾದಂಬರಿ ಹೊರಬಂದು ತಿಂಗಳಾಗಿರಬಹುದು. ಕಂಪನಿಯಿಂದ ಸಂದೇಶ ಬಂತು. ನಿಮ್ಮ ಕಡೆಯ ಓದಿನಲ್ಲಿ ನಡುನಡುವೆ ದನಿ ನಿಲ್ಲುತ್ತದೆ, ಫೋನು ಕೆಟ್ಟಿತೆಂದು ಕೇಳುಗರು ಬಿಟ್ಟುಹೋಗುತ್ತಾರೆ, ಒಂದು ಸೆಕೆಂಡಿಗಿಂತ ಹೆಚ್ಚಿನ ಖಾಲಿ ಎಲ್ಲಿಯೂ ಇರಬಾರದು, ಈವರೆಗಿನ ಹನ್ನೊಂದು ಪುಸ್ತಕಗಳನ್ನೂ ಸರಿಪಡಿಸಿ ಕಳಿಸಿ. ನಾನು ಒಂದು ಮಾತು ಎದುರು ಬರೆಯಬಹುದಿತ್ತು. ಅಲ್ಲಿ ಫೋನು ಕೆಟ್ಟದ್ದಲ್ಲ, ಅದೂ ಓದೇ, ಎಂದು ಬರೆಯಬಹುದಿತ್ತು. ಚುನಾವಣೆ ಹತ್ತಿರ ಬಂದಿತ್ತು, ಪ್ರಚಾರದ ಕೆಲಸ ಮೈಮೇಲೆ ಬಿದ್ದಿತ್ತು. ಖಾಲಿಯನ್ನೆಲ್ಲ ತಾನೇ ಹುಡುಕಿ ಕತ್ತರಿಸುವ ಸೌಲಭ್ಯ ನನ್ನ ಕಂಪ್ಯೂಟರಿನಲ್ಲೇ ಇತ್ತು. ಒಂದೊಂದೇ ಪುಸ್ತಕ ಹಾಕಿ ಗುಂಡಿ ಒತ್ತಿ ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ಆಗಿರುತ್ತಿತ್ತು. ಹನ್ನೊಂದನ್ನೂ ಎರಡು ದಿನದಲ್ಲಿ ಮುಗಿಸಿ ಕಳಿಸಿದೆ. ಡಿಸ್ಕಿನಲ್ಲಿ ಜಾಗವಿರಲಿಲ್ಲವೆಂದು ಮೂಲವನ್ನು ಅಳಿಸಿಬಿಟ್ಟೆ.

ಕಾಕಾಗೆ ಹೇಳಲಿಲ್ಲ. ಅವರು ತಾವು ಓದಿದ್ದನ್ನು ಮತ್ತೆ ಕೇಳುವವರಲ್ಲ, ತಿಳಿಯುವುದಿಲ್ಲ ಎಂದುಕೊಂಡೆ. ಕೇಳುತ್ತಿದ್ದವರು ಅವರ ಹೆಂಡತಿ.

ಒಂದು ಸೋಮವಾರ ಬಂದವರು ಮೇಲೆ ಹತ್ತಲಿಲ್ಲ. ಚಹಾ ಕುಡಿಯೋಣ ಎಂದು ಕೆಳಗೇ ಕರೆದರು. ಓದುವ ಮೊದಲು ಅವರು ಚಹಾ ಕುಡಿದದ್ದು ಅದೇ ಮೊದಲು. ಮನೆಯಲ್ಲಿ ಆಕೆ ಆ ಕಾದಂಬರಿಯನ್ನು ಇನ್ನೊಮ್ಮೆ ಹಾಕಿಕೊಂಡು ಕೇಳಿದಳು, ಯಾರೋ ಬೆನ್ನು ಹತ್ತಿದಂತೆ ಓದಿದ್ದೀರಲ್ಲ ಎಂದಳು ಎಂದರು. ತಾವೂ ಕೇಳಿ ನೋಡಿದರಂತೆ.

“ನಡುವ ನಾ ನಿಂತದ್ದು ಎಲ್ಲಿ ಹೋತು, ತಮ್ಮಾ?”

ನಾನಲ್ಲ ಕಾಕಾ, ಅದು ಕಂಪನಿಯ ಆ್ಯಪಿನ ಕೆಲಸ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಆ್ಯಪು ಹೊಸದಾಗಿ ಬದಲಾಗಿದೆ, ಹಳೆಯ ಫೋನುಗಳಲ್ಲಿ ಹೀಗಾಗುತ್ತದೆ, ನಮ್ಮ ಕಡೆ ನೆಟ್‌ವರ್ಕ್ ಕಡಿಮೆ, ದೊಡ್ಡ ಊರುಗಳಲ್ಲಿ ಸರಿಯಾಗಿ ಕೇಳುತ್ತದಂತೆ, ನಾನು ಅವರಿಗೆ ಬರೆದೂ ಇದ್ದೇನೆ. ಕೇಳದ್ದನ್ನೆಲ್ಲ ಹೇಳಿದೆ. ಕಾಕಾ ಕಪ್ಪನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ಕುಡಿಯಲಿಲ್ಲ, ಮಾತಾಡಲಿಲ್ಲ. ರಸ್ತೆಯಲ್ಲಿ ಎರಡು ಲಾರಿ ದಾಟಿಹೋದವು. ಆ ಹೊತ್ತನ್ನು ನಾನು ಇನ್ನಷ್ಟು ಮಾತು ಹಾಕಿ ತುಂಬಿಸಿದೆ. ಕೊನೆಗೆ ಅವರು ಆರಿದ ಚಹಾ ಕುಡಿದು ಕಪ್ಪು ಇಟ್ಟರು.

“ಹೌದೇನ್ರಿ, ಸಾಹೇಬ್ರ” ಎಂದರು. ಮೆಟ್ಟಿಲು ಹತ್ತಿದರು.

ಅಂದಿನಿಂದ ನಾನು ಮತ್ತೆ ಸಾಹೇಬನಾದೆ. ಅವರು ಸಿಟ್ಟಾಗಲಿಲ್ಲ, ಬರುವುದು ಬಿಡಲಿಲ್ಲ, ವೋಮದ ನೀರು ಬಿಡಲಿಲ್ಲ. ಓದು ಬದಲಾಯಿತು. ಎಲ್ಲಿಯೂ ನಿಲ್ಲದೆ, ತಪ್ಪಿಲ್ಲದೆ, ಒಂದೇ ಹದದಲ್ಲಿ ಓದತೊಡಗಿದರು. ಕೊಲೆಗಾರನೂ ಹಾಗೆಯೇ, ಕೂಸಿನ ಕತೆಯೂ ಹಾಗೆಯೇ. ಅಂಥ ಮೂರು ಪುಸ್ತಕ ಓದಿದರು. ನಾಚಿಕೆಯಾಗುತ್ತದೆ ಹೇಳಲು, ನನಗೆ ಅದು ಹಗುರವಾಯಿತು. ಕತ್ತರಿಸುವ ಕೆಲಸವೇ ಇಲ್ಲ. ಇಂಥ ಸ್ವಚ್ಛ ಓದು ಬೇಕಿತ್ತೆಂದು ಕಂಪನಿಯವರು ಬರೆದದ್ದನ್ನು ನಾನು ಖುಷಿಯಿಂದ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಚಲೋ ಆತು ಎಂದರು.

ಚಹಾಕ್ಕೆ ಕುಳಿತುಕೊಳ್ಳುವುದು ಕಡಿಮೆಯಾಯಿತು. ಬಸ್ಸು ತಪ್ಪುತ್ತದೆ ಎನ್ನುತ್ತಿದ್ದರು. ಮಸ್ಕಿಗೆ ಗಳಿಗೆಗೊಂದು ಬಸ್ಸು ಇದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹದಿನಾಲ್ಕನೆಯ ಪುಸ್ತಕ ಮುಗಿದ ಮೇಲೆ ಕಣ್ಣು ಮಂಜಾಗುತ್ತಿವೆ, ಸ್ವಲ್ಪ ದಿನ ಬಿಡುತ್ತೇನೆ ಎಂದರು. ಪುಸ್ತಕಗಳನ್ನು ನನ್ನ ಕಪಾಟಿನಲ್ಲೇ ಬಿಟ್ಟರು. ನಾನು ಹೂಂ ಎಂದೆ. ಫೋನು ಮಾಡಬೇಕು, ಮಸ್ಕಿಗೆ ಹೋಗಿ ಬರಬೇಕು ಎಂದು ಎಷ್ಟೋ ಸಲ ಅನ್ನಿಸಿತು. ಮಾಡಿದರೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ನಾಲ್ಕು ತಿಂಗಳು ಹಾಗೇ ಹೋದವು. ಮೆಟ್ಟಿಲ ಮೇಲೆ ಆ ರೈತರ ಮಾತು ಕೇಳಿದ್ದು ಆಗ.

ಮರುದಿನ ಮಸ್ಕಿಗೆ ಹೋದೆ. ಚಿಗವ್ವನನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾನ ಹೆಂಡತಿಯೆಂದು ಮನಸ್ಸಿನಲ್ಲಿ ಚಿಗವ್ವ ಎಂದು ಕರೆಯುತ್ತಿದ್ದೆ, ಹಾಗೆಯೇ ಕರೆದೆ. ಸಣ್ಣ ಆಳು, ನೇರ ಕುಳಿತಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಕೋರ್ಟಿನ ಬೀಳ್ಕೊಡುಗೆಯ ಫೋಟೊ. ಮುಂಜಾನೆ ಎದೆ ಹಿಡಿಯಿತೆಂದರು, ಲಿಂಗಸುಗೂರಿಗೆ ಒಯ್ಯುವ ಹಾದಿಯಲ್ಲೇ ಹೋದರು ಎಂದರು. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ಅವರು ಓದಿದ್ದು ಮೊದಲಿನಂತೆ ಇರುವುದು ಇದ್ದರೆ ಫೋನಿನಲ್ಲಿ ಹಾಕಿಕೊಡು ಎಂದು ಕೇಳಿದರು. ಆ ಮೊದಲಿನದು ಎಲ್ಲಿಯೂ ಇಲ್ಲವೆಂದು ಹೇಳಲು ಅಂದೂ ನನಗೆ ಬಾಯಿ ಬರಲಿಲ್ಲ. ತರುತ್ತೇನೆ ಎಂದು ಬಂದುಬಿಟ್ಟೆ.

ಕಪಾಟಿನಲ್ಲಿದ್ದ ಅವರ ಪುಸ್ತಕ ತೆಗೆದೆ. ಗೀಟು, ಸೊನ್ನೆ, ಎಲ್ಲ ಇದ್ದವು. ಆ ದೊಡ್ಡ ಕಾದಂಬರಿಯನ್ನು ಪುಟ ಪುಟವಾಗಿ ಎದುರಿಗಿಟ್ಟುಕೊಂಡು, ಅವರು ಸೊನ್ನೆ ಹಾಕಿದಲ್ಲೆಲ್ಲ ದನಿಯನ್ನು ತುಂಡರಿಸಿ ನಡುವೆ ಖಾಲಿ ಸೇರಿಸಿದೆ. ಸಣ್ಣ ಸೊನ್ನೆಗೆ ಎರಡು ಸೆಕೆಂಡು, ದೊಡ್ಡದಕ್ಕೆ ಐದು, ಆರು. ಇಪ್ಪತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುಗಿದ ಮೇಲೆ ಮೊದಲಿನಂತೆಯೇ ಆಗಿದೆ ಎಂದು ನನ್ನನ್ನು ನಾನು ನಂಬಿಸಿಕೊಂಡೆ. ಮತ್ತೆ ಮಸ್ಕಿಯ ಬಸ್ಸು ಹತ್ತಿದೆ.

ಚಿಗವ್ವ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದರು. ಮೊದಲ ಸೊನ್ನೆ ಬಂತು, ಎರಡನೆಯದು ಬಂತು. ಮೂರನೆಯದಕ್ಕೆ ಕಣ್ಣು ತೆರೆದರು.

“ಇದು ಅವರು ಸುಮ್ಮನಾದದ್ದಲ್ಲಪ್ಪ. ಇದು ಬಂದ್ ಆದದ್ದು.”

ಅದು ನಿಜವಾಗಿತ್ತು. ಕಾಕಾ ಸುಮ್ಮನಿದ್ದಾಗ ಅಲ್ಲಿ ಅವರ ಉಸಿರಿತ್ತು, ಕುರ್ಚಿ ಕಿರ್ರೆನ್ನುತ್ತಿತ್ತು, ದೂರದಲ್ಲಿ ಗಿರಣಿ ಓಡುತ್ತಿತ್ತು. ನಾನು ಹಾಕಿದ್ದು ಬರಿ ಖಾಲಿ. ಅಲ್ಲಿ ಯಾರೂ ಇರಲಿಲ್ಲ.

ಆಗ ಹೇಳಿದೆ. ಕತ್ತರಿಸಿದವನು ನಾನು, ಅಳಿಸಿದವನು ನಾನು, ಕೇಳಿದಾಗ ಸುಳ್ಳು ಹೇಳಿದವನೂ ನಾನೇ ಎಂದು ಒಂದೊಂದಾಗಿ ಹೇಳಿದೆ. ಚಿಗವ್ವ ನಡುವೆ ಬಾಯಿ ಹಾಕಲಿಲ್ಲ.

“ಅವರಿಗೆ ಗೊತ್ತಿತ್ತು” ಎಂದರು. “ಆವತ್ತ ಮನಿಗೆ ಬಂದು ಹೇಳಿದ್ರು. ಹುಡುಗ ಸುಳ್ಳು ಹೇಳ್ಯಾನ, ಖರೆ ಹೇಳಾಕ ಅವಂಗ ಒಂದಷ್ಟು ಟೈಮ್ ಬೇಕಾಕೈತಿ ಅಂದ್ರು. ಬಸ್ಸಿಗೆ ಹೋಗೋ ಮುಂದ ಇವತ್ತ ಹೇಳಬಹುದು ಅಂತಿದ್ರು. ಹಂಗ ಅಂದು ಅಂದು ಹೋಗ್ತಿದ್ರು. ಆಮ್ಯಾಲ ಒಂದಿನ ಹೋಗಲಿಲ್ಲ.”

ಆ ಚಹಾದ ಅಂಗಡಿಯಲ್ಲಿ ಕಪ್ಪು ಹಿಡಿದು ಅವರು ಸುಮ್ಮನಿದ್ದದ್ದು ನನಗಾಗಿ ಎಂದು ನನಗೆ ತಿಳಿದದ್ದು ಆಗ. ಎಂಟು ತಿಂಗಳು ಅವರು ಗಾಜಿನ ಆ ಕಡೆ ಕುಳಿತು, ಓದುವಲ್ಲಿ ನಿಲ್ಲದೆ, ನನ್ನ ಒಂದು ಮಾತಿಗಾಗಿ ನಿಂತಿದ್ದರು. ತಪ್ಪಾಯಿತು ಎನ್ನಬೇಕೆಂದುಕೊಂಡೆ. ಯಾರಿಗೆ ಎನ್ನಬೇಕೋ ಅವರಿರಲಿಲ್ಲ.

ಚಿಗವ್ವ ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. ನಾನು ತಂದದ್ದು ಬೇಡ, ಅದನ್ನು ತೆಗೆದುಹಾಕು ಎಂದರು. ತಮ್ಮ ಫೋನಿನಲ್ಲಿ ಆ್ಯಪು ತೆರೆದರು. ಅಕ್ಷರ ಬಾರದಿದ್ದರೂ ಪುಸ್ತಕದ ಚಿತ್ರ ನೋಡಿ ಒತ್ತುವುದು ಅವರಿಗೆ ಗೊತ್ತಿತ್ತು. ಕಾಕಾ ಓದಿದ ಕೊನೆಯ ಪುಸ್ತಕ, ತಾಯಿ ಮಗಳ ಒಂದು ಕತೆ. ನಾನು ಸ್ವಚ್ಛವಾಗಿದೆ ಎಂದು ಮೆಚ್ಚಿದ್ದು. ಇದನ್ನೂ ಅವಸರದಲ್ಲೇ ಓದಿದ್ದಾರಲ್ಲ ಚಿಗವ್ವ ಎಂದೆ.

“ನಿಮ್ಮ ಖೋಲ್ಯಾಗ ಓದ್ಯಾರ. ನನಗ ಹಂಗ ಓದಿಲ್ಲ” ಎಂದರು.

ಮೊದಲಿಗೆ ನನ್ನ ದನಿಯಲ್ಲಿ ಅವರ ಹೆಸರು ಬಂತು. ಆ ಮೇಲೆ ಕಾಕಾ ಶುರು ಮಾಡಿದರು. ತಾಯಿ ಮಗಳನ್ನು ಬಸ್ಸು ಹತ್ತಿಸಲು ಬಂದಿದ್ದಾಳೆ. ಮತ್ತೆ ಯಾವಾಗ ಬರುತ್ತೀ ಎಂದು ಕೇಳುತ್ತಾಳೆ. ಅಲ್ಲಿಗೆ ಬಂದಾಗ ಚಿಗವ್ವ ಹೆಬ್ಬೆರಳಿನಿಂದ ಫೋನಿನ ಗಾಜನ್ನು ಒತ್ತಿ ಕಾಕಾನನ್ನು ನಿಲ್ಲಿಸಿದರು. ತಲೆ ತಗ್ಗಿಸಿ ಕುಳಿತರು. ಹೊರಗೆ ಯಾರೋ ನೀರಿನ ಕೊಡ ಇಳಿಸಿದರು. ಬೀದಿಯಲ್ಲಿ ಒಂದು ಆಡು ಕೂಗಿತು. ಚಿಗವ್ವನ ಎದೆ ಒಂದು ಸಲ ಏರಿ ಇಳಿಯಿತು. ಹೆಬ್ಬೆರಳು ಮತ್ತೆ ಒತ್ತಿತು, ಕಾಕಾ ಮಗಳ ಮಾತು ಹೇಳಿದರು. ನಾಲ್ಕು ಸಾಲು ದಾಟಿದ ಮೇಲೆ ಇನ್ನೊಂದು ಕಡೆ ಹಾಗೆಯೇ ನಿಲ್ಲಿಸಿದರು. ಎಲ್ಲಿ ಎಷ್ಟು ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಸಿಂಧನೂರಿನ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ನಾನು ಏಳಲಿಲ್ಲ.